ಮೂರನೆಯ ಸೀಸ

ಕಪ್ಪೆಮರಿ ಇರಬೇಕು, ಅಲ್ಲ, ಎಲೆ, ಮಸಿ ಹಿಡಿದ ಎಲೆ, ಬಾಟಲಿಯ ಬಾಯಿಗೆ ಬಂದು ಸಿಕ್ಕಿಕೊಂಡಿದೆ, ದುರುಗೇಶ ಕಿತ್ತು ಚೆಲ್ಲಿದ, ಬೆರಳಿಗೆ ಕರಿ ಹತ್ತಿತು, ಇದೇ ಕರಿ, ಗುಡ್ಡದಾಚೆಯ ಕಾರ್ಖಾನೆ ಚಿಮಣಿಯದು, ಊರವರೆಲ್ಲ ಇದನ್ನೇ ತೋರಿಸಿ ಕೇಳುತ್ತಾರೆ, ಕಣ್ಣಿಗೆ ಕಾಣತೈತಲ್ರಿ, ಇನ್ನ ನಿಮ್ಮ ಮಿಷನ್ ಏನ ಹೇಳಬೇಕು — ಏನು ಹೇಳಬೇಕೆಂದರೆ, ಈ ಹಳ್ಳದ ನೀರಿನಲ್ಲಿ ಸೀಸ ಇದೆ, ಅದು ಎಲ್ಲಿಂದ ಬಂತು, ಅದನ್ನು ಹೇಳಬೇಕು, ಅದಕ್ಕೇ ಅಲ್ಲವೇ ಈ ಕುರುಚಲು ಕಾಡಿನಲ್ಲಿ ಸವೆದ ಬಂಡೆ ಕೆರೆದು, ಮಳೆನೀರು ಹಿಡಿದು, ಎಲೆಯ ಧೂಳು ತೊಳೆದು ಹೈದರಾಬಾದಿನ ಲ್ಯಾಬಿಗೆ ಕಳಿಸುತ್ತಾ ಬಂದದ್ದು, ಇದೆಂಥಾ ನೌಕರಿಯೋ ನಿಂದು ಎಂದು ಅವ್ವ ನಕ್ಕಾಗ ಒಲೆಯ ಮುಂದೆ ಕೂತು ಹೇಳಿದ್ದ, ಸೀಸದೊಳಗ ಹಗುರದ್ದು ಭಾರದ್ದು ಅಂತ ಬ್ಯಾರೆ ಬ್ಯಾರೆ ಬಗಿ ಇರ್ತಾವವ್ವಾ, ಐಸೋಟೋಪು ಅಂತಾರ, ಒಂದೊಂದು ನೆಲದ ಸೀಸದಾಗ ಅವು ಕಲೆತ ಪಾಲು ಬ್ಯಾರೆ, ಸುಟ್ಟರೂ ಕರಗಿಸಿದರೂ ಆ ಪಾಲು ಬದಲಾಗಂಗಿಲ್ಲ, ಅವ್ವ ರೊಟ್ಟಿ ತಟ್ಟುವ ಕೈ ನಿಲ್ಲಿಸಿ, ನಾಲಿಗಿ ಇದ್ದಂಗ ಅನ್ನು, ಎಲ್ಲಿ ಹೋದ್ರೂ ಹುಟ್ಟಿದೂರ ಮಾತು ಬಿಡಂಗಿಲ್ಲ, ಅಂದವಳೇ ಮೊಮ್ಮಗನ ಕಡೆ ನೋಡಿ ಮತ್ತೆ ರೊಟ್ಟಿ ತಟ್ಟತೊಡಗಿದಳು. ಮಾರುತಿ ಸಾಲಿಗೆ ಹೋಗುವ ವಯಸ್ಸಿನವನು, ಇನ್ನೂ ಅಪ್ಪ ಎಂದಿಲ್ಲ, ಕೊಪ್ಪಳದ ಡಾಕ್ಟರು ಆ ಅನ್ನಪಾ ಎಂದರೆ ಬಾಯಿ ತೆರೆದ, ದನಿ ಇಲ್ಲ, ತೆರೆದದ್ದು ತೆರೆದೇ ಇಟ್ಟ, ರಕ್ತ ನೋಡಸ್ರಿ ಎಂದರು, ರಕ್ತದಲ್ಲಿ ಸೀಸ, ಮಕ್ಕಳ ಮಾತು ಕಟ್ಟುವ ವಿಷ, ಹೆಂಡತಿ ರೇಣುಕಾ ವಾಪಸು ಬರುವ ಬಸ್ಸಿನ ದಾರಿಯುದ್ದಕ್ಕೂ ಸೆರಗು ಬಾಯಿಗೊತ್ತಿಕೊಂಡು ಆ ಚಿಮಣಿಗೆ ಹಿಡಿಶಾಪ ಹಾಕಿದಳು, ದುರುಗೇಶನಿಗೂ ಒಳಗೊಳಗೇ ಸಮಾಧಾನ, ಹೌದು, ಸಮಾಧಾನ, ಸಿಟ್ಟಿಗೆ ಒಂದು ಜಾಗ ಸಿಕ್ಕಿತ್ತಲ್ಲ.

ಆದರೆ ಲೆಕ್ಕ ಕೂಡಲಿಲ್ಲ, ಬಂಡೆಯ ಸೀಸ ಒಂದು ಕಡೆ, ಚಿಮಣಿಯ ಧೂಳಿನದು ಇನ್ನೊಂದು ಕಡೆ, ನೀರಿನದು ಎರಡೂ ಅಲ್ಲ, ಮೂರನೆಯದು, ಎಲ್ಲಿಯದಪ್ಪಾ ಇದು, ತಲೆ ಕೆಟ್ಟು ಹೋಗಿತ್ತು, ಅಷ್ಟರಲ್ಲಿ ಒಂದು ಶನಿವಾರ ಅವ್ವ ಗುಡ್ಡದ ಹಣಮಪ್ಪನ ಪೂಜೆ ಮುಗಿಸಿ ಇಳಿದು ಬಂದು, ಛಲೋ ನೀರು ತುಂಬಿಕೊಂಡಿಯಪ್ಪಾ ಎಂದು ಬಾಟಲಿ ಮುಟ್ಟಿದಳು, ಮುಚ್ಚಳದ ಮೇಲೆ ಕೆಂಪು ಬೆರಳಚ್ಚು, ಸಿಂಧೂರ, ಸೀಸದಿಂದಲೂ ಸಿಂಧೂರ ಮಾಡುತ್ತಾರೆ, ಓದಿದವನಿಗೆ ಗೊತ್ತಿರಬೇಕಿತ್ತು, ಗೊತ್ತಿತ್ತು ಕೂಡ, ಪುಸ್ತಕದಲ್ಲಿ ಗೊತ್ತಿತ್ತು, ಹಣಮಪ್ಪನ ಮೈಮೇಲೆ ಗೊತ್ತಿರಲಿಲ್ಲ. ಅವ್ವನ ಸಿಂಧೂರದ ಪೊಟ್ಟಣದಿಂದ ಒಂದು ಚಿಟಿಕೆ, ಮಗನ ರಕ್ತ ಒಂದಿಷ್ಟು, ಯಾರಿಗೂ ಹೇಳದೆ ಲ್ಯಾಬಿಗೆ ಕಳಿಸಿದ, ಆಗದಿರಲಿ, ಹಾಗಾಗದಿರಲಿ, ಇವತ್ತು ಬೆಳಗ್ಗೆ ಅವ್ವ ಹುಡುಗನನ್ನು ಕಂಕುಳಿಗೇರಿಸಿಕೊಂಡು ಗುಡ್ಡಕ್ಕೆ ಹೊರಟಾಗಲೂ ತಡೆಯಲಿಲ್ಲ, ರಿಸಲ್ಟ್ ಬರಲಿ, ಇದೊಂದು ಶನಿವಾರ ಹೋಗಲಿ, ಥೂ, ಎಂಥಾ ಅಪ್ಪ — ಜೇಬಿನಲ್ಲಿ ಫೋನು ಗುರ್ರೆಂದಿತು, ಈ ತಿರುವಿನಲ್ಲಷ್ಟೇ ಸಿಗ್ನಲ್ಲು, ಒದ್ದೆ ಕೈಯಲ್ಲೇ ತೆರೆದ, ಸಿಂಧೂರ, ನೀರು, ರಕ್ತ, ಮೂರೂ ಒಂದೇ ಸೀಸ, ಒಂದೇ, ಬಾಟಲಿ ಕೈಬಿಟ್ಟು ಹಳ್ಳದ ಪಾಲಾಯಿತು.

ಹತ್ತುತ್ತಿದ್ದಾನೆ, ಕಾಲಿಗೆ ಮುಳ್ಳು, ಮೇಲಿಂದ ಗಂಟೆಯ ದನಿ, ಅಂದರೆ ಮೂರ್ತಿ ತೊಳೆಯುವುದು ಮುಗಿಯಿತು, ಹಣಮಪ್ಪನ ಮೈಯಿಂದ ಇಳಿದ ಕೆಂಪು ನೀರು ಬಂಡೆಯ ಸಂದಿಗೆ, ಸಂದಿಯಿಂದ ಹಳ್ಳಕ್ಕೆ, ಒಂದು ಬಟ್ಟಲು ಮಾತ್ರ ಮೊಮ್ಮಗನಿಗೆಂದು ತೆಗೆದಿಟ್ಟ ತೀರ್ಥ, ಬಾಯಿ ತೆಗಿ ನನ್ನ ದೊರಿ ಎಂದರೆ ಅವನು ತೆರೆಯುತ್ತಾನೆ, ಅದೊಂದು ಮಾತು ಅವನಿಗೆ ತಿಳಿಯುತ್ತದೆ, ಹಕ್ಕಿಮರಿ ಹಾಗೆ ತೆರೆಯುತ್ತಾನೆ, ಮತ್ತು ದುರುಗೇಶನಿಗೂ ತಡವಾಗಿಯೇ ಮಾತು ಬಂದದ್ದು, ಅವ್ವ ಅವನನ್ನೂ ಹೀಗೇ ಕಂಕುಳಲ್ಲಿ ಹೊತ್ತು ಹತ್ತುತ್ತಿದ್ದಳು, ಇದೇ ತೀರ್ಥ ಕುಡಿಸಿದಳು, ಮಾತು ಬಂತು, ನೋಡ್ರಿ ನನ್ನ ಮಗ ಹೆಂಗ ಮಾತಾಡ್ತಾನ ಎಂದು ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು, ಅವ್ವನ ಕೈಯಲ್ಲಿರುವ ಪುರಾವೆ ಅವನೇ, ಆ ಪುರಾವೆಯೇ ಈಗ ಅವಳನ್ನು ತಡೆಯಲು ಓಡುತ್ತಿದೆ, ಏನೆಂದು ಹೇಳಲಿ, ಊರ ಮುಂದೆ ಹೇಗೋ ಹೇಳಬಹುದು, ಬೈಸಿಕೊಳ್ಳಬಹುದು, ಇವಳಿಗೆ ಹೇಗೆ ಹೇಳಲಿ, ವಾರಪೂರ್ತಿ ಮಂಡಿನೋವೆಂದು ನರಳಿ ಶನಿವಾರ ಬಂತೆಂದರೆ ಎದ್ದು ನಿಲ್ಲುವವಳಿಗೆ, ಕೊನೆಯ ಮೆಟ್ಟಿಲು, ಅವ್ವ ಬಂಡೆಗೊರಗಿ ಕೂತಿದ್ದಾಳೆ, ತೊಡೆಯ ಮೇಲೆ ಹುಡುಗ, ಕೈಯಲ್ಲಿ ಬಟ್ಟಲು, ಅವ್ವಾ ಬ್ಯಾಡ, ಕೊಡಬ್ಯಾಡ, ಯಾಕೋ ಯಪ್ಪಾ ಹಿಂಗ ಓಡಿ ಬಂದಿ, ಸಿಂಧೂರದಾಗ ಸೀಸ ಐತವ್ವಾ, ಅವನ ರಕ್ತದಾಗಿಂದು ಇದ, ಚಿಮಣಿದಲ್ಲ. ಅವ್ವ ಬಟ್ಟಲೊಳಗೆ ನೋಡಿದಳು, ಹಣಮಪ್ಪನನ್ನು ನೋಡಿದಳು, ತನ್ನ ಉಂಗುರ ಬೆರಳನ್ನು ಸೆರಗಿಗೆ ಒರೆಸಿದಳು, ಮತ್ತೆ ಒರೆಸಿದಳು, ಕೆಂಪು ಹೋಗಲಿಲ್ಲ, ಹಂಗಾರ ಕೂಸಿಗೆ ನಾನ ಕೊಟ್ಟೆನೇನೋ, ಅವನು ಇಲ್ಲ ಎನ್ನಬೇಕು, ಹೌದು ಎನ್ನಬೇಕು, ಬಟ್ಟಲು ಅವ್ವನ ಕೈಯಲ್ಲಿ ಅಲ್ಲೇ ನಿಂತಿದೆ, ತೊಡೆಯ ಮೇಲೆ ಮಾರುತಿ ತಲೆಯೆತ್ತಿ, ಅಜ್ಜಿಯ ಮುಖ ನೋಡುತ್ತಾ, ಬಾಯಿ ತೆರೆದಿದ್ದಾನೆ, ಮುಚ್ಚುತ್ತಿಲ್ಲ, ತೆರೆದುಕೊಂಡೇ ಇದ್ದಾನೆ, ಬಾಯಿ —