ಬೇವಿನ ಸೊಪ್ಪಿನ ಕೆಳಗಿನ ಬಾಟಲಿ

ಸೊರಬದ ತವರಿಗೆ ಹೋಗಿದ್ದಾಗ ಕರುಣಾಳ ಮೂರು ವರ್ಷದ ಮಗಳು ಸೌಂದರ್ಯಳಿಗೆ ಉರಿಮೂತ್ರ ಶುರುವಾಗಿತ್ತು. ಮೆಡಿಕಲ್ ಶಾಪಿನವನು ಬಿಳಿ ಔಷಧಿಯ ಬಾಟಲಿ ಕೊಟ್ಟು, ಹತ್ತು ದಿನ ತಪ್ಪಿಸಬೇಡಿ ಅಂದಿದ್ದ. ತಪ್ಪಿಸುವವಳೇ ಅಲ್ಲ ಕರುಣಾ. ತಾಳಗುಂದದ ಗಂಡನ ಮನೆಗೆ ಬಂದ ಮೇಲೂ ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ.

ಎಂಟನೇ ದಿನ ಮಗುವಿಗೆ ಜ್ವರ ಬಂತು, ಕಣ್ಣು ಕೆಂಪಾಯಿತು, ಎದೆಯ ಮೇಲೆಲ್ಲ ಗುಳ್ಳೆ. ಅತ್ತೆ ಯಮುನಮ್ಮ ನೋಡಿದ್ದೇ ತಡ, ಅಮ್ಮ ಎದ್ದಿದ್ದಾಳೆ ಎಂದು ಕೈಮುಗಿದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಮಗುವಿನ ಚಾಪೆಯ ಮೇಲೂ ಬೇವು. ಒಲೆಯ ಮೇಲೆ ಒಗ್ಗರಣೆ ಹಾಕುವಂತಿಲ್ಲ, ಔಷಧಿಯಂತೂ ಮುಟ್ಟುವಂತೆಯೇ ಇಲ್ಲ, ದೇವಿ ಸಿಟ್ಟಾಗುತ್ತಾಳೆ.

ಕರುಣಾಗೆ ಮೈಯೆಲ್ಲ ಉರಿಯಿತು. ತೊಂಬತ್ತನಾಲ್ಕನೇ ಇಸವಿಯಲ್ಲೂ ಇದೆಂಥ ಕರ್ಮ! ಎಸ್ಸೆಸ್ಸೆಲ್ಸಿ ಪಾಸಾದವಳು ತಾನು. ಬಾಟಲಿಯನ್ನು ಬೇವಿನ ಸೊಪ್ಪಿನ ಕೆಳಗೇ ಬಚ್ಚಿಟ್ಟಳು. ಅತ್ತೆ ಕೊಟ್ಟಿಗೆಗೆ ಹೋದಾಗಲೆಲ್ಲ ಗಡಿಬಿಡಿಯಲ್ಲಿ ಕುಡಿಸಿದಳು. ಗುಳ್ಳೆ ಹೆಚ್ಚಾಯಿತು. ಕರುಣಾಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಬಾಗಿಲಿಗೂ ಚಾಪೆಗೂ ಓಡಾಡಿದಳು, ಇನ್ನೊಂದು ಚಮಚ ಕುಡಿಸಿದಳು.

ಗುಳ್ಳೆ ಎದ್ದ ಮೂರನೇ ದಿನ ಮಗುವಿನ ಕಣ್ಣು ಅಂಟಿಕೊಂಡು ತೆರೆಯಲೇ ಇಲ್ಲ. ಎತ್ತಿಕೊಂಡರೆ ಬೆನ್ನಿನ ಚರ್ಮ ಅಂಗೈಗೆ ಸುಲಿದು ಬಂತು. ಕರುಣಾ ಯಾರನ್ನೂ ಕೇಳಲಿಲ್ಲ. ಹಳೇ ಪಂಚೆಯಲ್ಲಿ ಮಗುವನ್ನು ಸುತ್ತಿಕೊಂಡು, ಸಂಜೆಯ ಚಮಚ ತಪ್ಪಬಾರದೆಂದು ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡು ಶಿಕಾರಿಪುರದ ಬಸ್ಸು ಹತ್ತಿದಳು. ಯಮುನಮ್ಮ ಬೈಯುತ್ತಲೇ ಹಿಂದೆ ಹತ್ತಿದರು.

ಡಾಕ್ಟರು ಯಾವ ಔಷಧಿ ಕೊಟ್ಟಿದ್ದಿರಿ ಎಂದು ಕೇಳಿದರು. ಒಂದು ಹನಿಯೂ ಇಲ್ಲ ಎಂದು ಯಮುನಮ್ಮ ಆಣೆ ಇಟ್ಟರು. ಕರುಣಾ ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

"ಇದು ಅಮ್ಮ ಅಲ್ಲ ರೀ. ಈ ಔಷಧಿ ಒಬ್ಬೊಬ್ಬರ ಮೈಗೆ ಆಗಲ್ಲ. ಗುಳ್ಳೆ ಎದ್ದ ದಿನವೇ ನಿಲ್ಲಿಸಬೇಕಿತ್ತು," ಎಂದು ಡಾಕ್ಟರು ಅವರನ್ನು ಶಿವಮೊಗ್ಗಕ್ಕೆ ಕಳಿಸಿದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ. ಮಗು ಉಳಿಯಿತು, ಎಡಗಣ್ಣು ಮಸುಕಾಯಿತು. ಅತ್ತೆ ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು.

ಊರಿಗೆ ಬಂದ ದಿನವೇ ಪಕ್ಕದ ಮನೆಯ ರಾಧಮ್ಮ ಏನಾಗಿತ್ತೆಂದು ವಿಚಾರಿಸಲು ಬಂದರು.

"ಅಮ್ಮ ಎದ್ದಿದ್ಲು ಕಣೇ. ಹೋಗ್ತಾ ಕಣ್ಣು ಮಸುಕು ಮಾಡಿ ಹೋದ್ಲು," ಎಂದರು ಯಮುನಮ್ಮ, ಸೊಸೆಯ ಮುಖ ನೋಡದೆ.

ತನ್ನನ್ನು ಊರ ಬಾಯಿಂದ ಉಳಿಸುತ್ತಿದ್ದಾರೆಂದು ಕರುಣಾಗೆ ತಿಳಿಯಿತು. ಸುಮ್ಮನಿದ್ದರೆ ಮುಗಿಯಿತು. ಆದರೆ ನಾಳೆ ತಾನಿಲ್ಲದಾಗ ಯಾರಾದರೂ ಮಗುವಿಗೆ ಅದೇ ಔಷಧಿ ಕುಡಿಸಿದರೆ? ಒಳಗಿನಿಂದ, ಔಷಧಿಯ ಹೆಸರು ಬರೆದಿದ್ದ ಡಾಕ್ಟರ ಚೀಟಿ ತಂದಳು.

"ಅಮ್ಮ ಅಲ್ಲ ರಾಧಕ್ಕ. ನಾನು ಕದ್ದು ಕುಡಿಸಿದ ಔಷಧಿ. ಇವಳಿಗೆ ಇನ್ಯಾವತ್ತೂ ಕೊಡಂಗಿಲ್ಲ," ಎಂದವಳೇ ಆ ಹೆಸರನ್ನು ಗಟ್ಟಿಯಾಗಿ ಓದಿದಳು.

ಯಮುನಮ್ಮ ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡರು.

"ಇನ್ನೊಂದ್ಸಲ ಓದು. ನಂಗೂ ಬಾಯಿಪಾಠ ಆಗ್ಲಿ."