ಒಂದೇ ಪಾತ್ರೆಯ ಪಥ್ಯ

"ನಿನ್ನ ಬಾಣಂತನ ನಾನೇ ಮಾಡ್ತೀನಿ ಕಣವ್ವ. ಮೂರು ತಿಂಗಳು ನಿನ್ನ ಕೈ ತಣ್ಣೀರಿಗೆ ಇಡಿಸಲ್ಲ" ಎಂದು ಮಗಳು ಲೀಲಾಗೆ ನಾನು ಮಾತು ಕೊಟ್ಟಾಗ ಅವಳಿಗೆ ಹನ್ನೊಂದು ವರ್ಷ. ಕೊನೆಯ ಮಗುವನ್ನು ಹೆತ್ತು ಮಲಗಿದ್ದೆ. ನನಗೆ ತಾಯಿ ಇರಲಿಲ್ಲ, ಅತ್ತೆ ಹೋಗಿ ವರ್ಷವಾಗಿತ್ತು. ಹಂಡೆಗೆ ಉರಿ ಹಾಕಿ, ಬಿಸಿನೀರು ಹೊತ್ತು ತಂದು, ನನಗೂ ಮಗುವಿಗೂ ಎರೆಯುತ್ತಿದ್ದವಳು ಆ ಹುಡುಗಿಯೇ. ಒಂದು ದಿನ ತಂಬಿಗೆ ಜಾರಿ ಅವಳ ಪಾದ ಬೆಂದಿತು. ಅವಳು ಅಳಲಿಲ್ಲ. ಮಾರನೆಯ ದಿನ ಕುಂಟುತ್ತಲೇ ಮತ್ತೆ ನೀರು ಹೊತ್ತಳು. ಅದನ್ನು ನೋಡಲಾರದೆ ಕೊಟ್ಟ ಮಾತು ಅದು. ಆಗ ಹೆತ್ತ ಮಗು ನಲವತ್ತು ದಿನಕ್ಕೆ ತೀರಿಕೊಂಡಿತು.

ನನ್ನ ಮೂಲವ್ಯಾಧಿ ಶುರುವಾದದ್ದೂ ಆವಾಗಲೇ. ನಾನು ಹನ್ನೆರಡನೇ ದಿನಕ್ಕೆ ಎದ್ದು ಊದುಬತ್ತಿ ಹೊಸೆಯಲು ಕೂತವಳು. ನಮ್ಮದು ಕನ್ನೇಗೌಡನಕೊಪ್ಪಲಿನ ಒಂದು ವಠಾರ. ಬೆಳಿಗ್ಗೆ ಮಣೆ ಎಳೆದುಕೊಂಡು ಕೂತರೆ ಆವತ್ತಿನ ಕಡ್ಡಿ ಮುಗಿಯುವವರೆಗೆ ಏಳುತ್ತಿರಲಿಲ್ಲ. ನೀರು ಕುಡಿದರೆ ಮಧ್ಯೆ ಏಳಬೇಕಾಗುತ್ತದೆ ಅಂತ ಕುಡಿಯುತ್ತಲೂ ಇರಲಿಲ್ಲ. ನಾಲ್ಕು ಮನೆಗೆ ಒಂದೇ ಕಕ್ಕಸು, ತಗಡಿನ ಬಾಗಿಲು. ಹೊರಗೆ ಯಾರಾದರೂ ಕೆಮ್ಮಿದರೆ ಒಳಗಿದ್ದವಳು ಅರ್ಧಕ್ಕೇ ಎದ್ದು ಬರಬೇಕು. ಮೊದಮೊದಲು ರಕ್ತ ಹನಿ ಹನಿಯಾಗಿ ಹೋಗುತ್ತಿತ್ತು. ಆಮೇಲೆ ಹೆಚ್ಚಾಯಿತು. ಗಂಡನಿಗೂ ಹೇಳಲಿಲ್ಲ. ಹೇಳಿಕೊಳ್ಳುವಂಥ ಜಾಗವೇ ಅದು?

ಅರವತ್ತನೇ ಇಸವಿಯ ಶ್ರಾವಣದಲ್ಲಿ ಲೀಲಾ ಏಳು ತಿಂಗಳ ಬಸುರಿಯಾಗಿ, ಚೊಚ್ಚಲ ಹೆರಿಗೆಗೆಂದು ಕಡಕೊಳದ ಗಂಡನ ಮನೆಯಿಂದ ಬಂದಳು. ಆರತಿ ಎತ್ತಲು ಹೊಸ್ತಿಲಲ್ಲಿ ನಿಂತ ನಾನು ಕಣ್ಣಿಗೆ ಕತ್ತಲೆ ಬಂದು ಅಲ್ಲೇ ಕುಸಿದೆ. ತಟ್ಟೆ ಉರುಳಿತು. ಆರತಿ ಮಾಡಿಸಿಕೊಳ್ಳಬೇಕಾದವಳೇ ನನ್ನನ್ನು ಎತ್ತಿ ಕೂರಿಸಿದಳು.

"ಅವ್ವ, ನಿನ್ನ ಉಗುರು ನೋಡು, ಸುಣ್ಣ ಬಳಿದಂಗವೆ. ಏನಾಗದೆ ನಿಂಗೆ? ನಿಜ ಹೇಳು."

ಅವಳಿಗೆ ಹೇಳಿದೆ. ಅವಳು ಅಪ್ಪನಿಗೆ ಹೇಳಿದಳು. ನನ್ನ ಗಂಡ ಮಹದೇವು ರೈಲ್ವೆ ವರ್ಕ್‌ಷಾಪಿನಲ್ಲಿ ಫಿಟ್ಟರ್. ಮಾರನೆಯ ದಿನ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತ ಬಹಳ ಕಡಿಮೆಯಾಗಿದೆ, ಆಪರೇಷನ್ ಮಾಡಲೇಬೇಕು ಎಂದರು ಡಾಕ್ಟರು.

"ಮಾಡಿದ್ರೆ ಎಷ್ಟು ದಿನಕ್ಕೆ ಮಾಯುತ್ತೆ ಸಾರ್?" ಎಂದು ಕೇಳಿದೆ.

"ಹೇಳಿದಂತೆ ಕೇಳಿದರೆ ಆರು ವಾರ."

ಹೆರಿಗೆಗೆ ಎಂಟು ವಾರ ಇತ್ತು. "ಹಂಗಾದ್ರೆ ಮಾಡ್ಬುಡಿ" ಎಂದೆ.

ಮನೆಗೆ ಕಳಿಸುವ ದಿನ ನಾಗಮಣಿ ಎನ್ನುವ ನರ್ಸಮ್ಮ ನನ್ನ ಮಂಚದ ಹತ್ತಿರ ಬಂದು ನಿಂತರು. "ಮಂಗಳಮ್ಮ, ಸರಿಯಾಗಿ ಕೇಳಿಸಿಕೊಳ್ಳಿ. ದಿನಕ್ಕೆ ಎಂಟು ಹತ್ತು ಲೋಟ ನೀರು. ಸೊಪ್ಪು, ತರಕಾರಿ, ಬಾಳೆಹಣ್ಣು, ಪರಂಗಿಹಣ್ಣು. ರಾತ್ರಿ ಮಲಗೋವಾಗ ಈ ಎಣ್ಣೆ ಔಷಧಿ ಎರಡು ಚಮಚ. ಕಕ್ಕಸಿಗೆ ಬಂದರೆ ತಡೀಬೇಡಿ, ಕೂತಾಗ ತಿಣುಕಬೇಡಿ. ಬಂದ ಮೇಲೆ ಉಗುರುಬೆಚ್ಚಗಿನ ನೀರಿಗೆ ಈ ನೇರಳೆ ಔಷಧಿ ಹರಳು ಒಂದು ಹಾಕಿ ಕಾಲು ಗಂಟೆ ಕೂತ್ಕೊಳ್ಳಿ. ನಾಲ್ಕು ಹನಿ ರಕ್ತ ಹೋದರೆ ಹೆದರಬೇಡಿ. ಜಾಸ್ತಿ ಸುರಿದರೆ, ಹೆಪ್ಪು ಬಿದ್ದರೆ, ತಲೆ ಸುತ್ತಿದರೆ ಅವತ್ತೇ ಬನ್ನಿ."

"ಆಯ್ತು ಸಿಸ್ಟರ್" ಎಂದೆ. ಮನೆಗೆ ಬಂದು ಅವರು ಹೇಳಿದ್ದರಲ್ಲಿ ಒಂದನ್ನು ಮಾತ್ರ ಮಾಡಿದೆ. ಹರಳು ಹಾಕಿದ ನೀರಿನಲ್ಲಿ ಕೂತೆ. ಹರಳು ಬಿದ್ದರೆ ಬೇಸನ್ನಿನ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು.

"ಮಹಾರಾಣಿಯೋರಿಗೆ ಪನ್ನೀರ ಸ್ನಾನ" ಎಂದು ನನ್ನ ಗಂಡ ಬಾಗಿಲ ಆಚೆಯಿಂದ ಹೇಳುತ್ತಿದ್ದರು.

"ನಿಮಗೂ ಒಂದ್ಸಲ ಕೊಯ್ಸಿದ್ರೆ ಗೊತ್ತಾಯ್ತಿತ್ತು" ಎನ್ನುತ್ತಿದ್ದೆ ನಾನು.

ಉಳಿದದ್ದನ್ನು ಮಾಡಲಿಲ್ಲ. ಹಟಕ್ಕಲ್ಲ. ನಮ್ಮಲ್ಲಿ ಗಾಯ ಇದ್ದವರಿಗೆ ಸೊಪ್ಪು, ಕುಂಬಳ, ಹಣ್ಣು ಎಲ್ಲ ನಂಜು. ಹೆತ್ತವಳ ಒಳಗಾಯ ಒಣಗಲಿ ಎಂದು ಬಾಣಂತಿಗೆ ಏನು ಕೊಡುತ್ತೇವೆ? ಹಳೇ ಅಕ್ಕಿಯ ಅನ್ನ, ಮೆಣಸು ಬೆಳ್ಳುಳ್ಳಿಯ ಸಾರು, ಸಂಜೆಗೆ ಅರ್ಧ ಲೋಟ ಕಾಯಿಸಿದ ನೀರು. ಹೆತ್ತ ಗಾಯವಾಗಲಿ ಕೊಯ್ದ ಗಾಯವಾಗಲಿ, ಮೈ ಒಂದೇ ತಾನೆ. ಜಾಗವೂ ಬಹಳ ದೂರದ್ದಲ್ಲ. ಆಸ್ಪತ್ರೆಯವರಿಗೆ ಇಂಗ್ಲಿಷ್ ಔಷಧಿ ಗೊತ್ತು, ಪಥ್ಯ ಗೊತ್ತಿಲ್ಲ ಎಂದುಕೊಂಡೆ. ಬೇಗ ಮಾಯಲಿ ಎನ್ನುವ ಆಸೆಗೆ ಬಾಣಂತಿಯ ಪಥ್ಯವನ್ನು ಬಾಣಂತಿಗಿಂತ ಬಿಗಿಯಾಗಿ ಮಾಡಿದೆ. ಎಣ್ಣೆ ಕುಡಿದರೆ ಗಾಯ ಹಸಿಯಾಗುತ್ತದೆ ಎಂದು ಸೀಸೆಯನ್ನು ಅಟ್ಟದ ಮೇಲೆ ಇಟ್ಟೆ.

ನಾಲ್ಕು ದಿನ ಕಕ್ಕಸಿಗೆ ಆಗಲಿಲ್ಲ. ಐದನೆಯ ದಿನ ಹೋದೆ. ತಗಡಿನ ಬಾಗಿಲಿನ ಅಡ್ಡಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ. ಲೀಲಾಳನ್ನು ಹೆರುವಾಗಲೂ ಅಷ್ಟು ನೋವು ತಿಂದಿರಲಿಲ್ಲ. ಹೊರಗೆ ಪಕ್ಕದ ಮನೆಯವರು, "ಯಾರಪ್ಪ ಒಳಗೆ, ಮನೆ ಮಾಡ್ಕೊಂಡವ್ರಾ?" ಎಂದರು. ಎದ್ದು ನೋಡಿದರೆ ಕೆಳಗೆಲ್ಲ ರಕ್ತ. ತಂಬಿಗೆ ನೀರು ಸಾಲಲಿಲ್ಲ.

ಆ ದಿನದಿಂದ ಭಯ ಹಿಡಿಯಿತು. ಉಂಡರೆ ತಾನೆ ಬರುವುದು ಎಂದು ಊಟ ಕಡಿಮೆ ಮಾಡಿದೆ. ಬಂದರೂ ತಡೆದುಕೊಂಡೆ. ತಡೆದಷ್ಟೂ ಗಟ್ಟಿಯಾಗುತ್ತಿತ್ತು, ಹೋದಾಗಲೆಲ್ಲ ಮಾಯುತ್ತಿದ್ದ ಗಾಯ ಮತ್ತೆ ಬಿರಿಯುತ್ತಿತ್ತು. ಹಳೇ ಪಂಚೆಯ ಚೂರುಗಳನ್ನು ಮಡಿಸಿ ಇಟ್ಟುಕೊಳ್ಳುತ್ತಿದ್ದೆ. ಬೆಳಗಾಗುವ ಮುಂಚೆ ಬಚ್ಚಲಲ್ಲಿ ಒಗೆದು, ಒಲೆಯ ಹಿಂದೆ ಒಣಗಿಸಿ, ಯಾರೂ ಏಳುವ ಮೊದಲು ಎತ್ತಿಡುತ್ತಿದ್ದೆ.

"ರಕ್ತ ನಿಂತ್ತಾ ಅವ್ವ?" ಎಂದು ಲೀಲಾ ದಿನವೂ ಕೇಳುತ್ತಿದ್ದಳು.

"ನಿಂತದೆ ಕಣವ್ವ."

"ಮತ್ತೆ ಯಾಕೆ ಗೋಡೆ ಹಿಡ್ಕೊಂಡು ನಡೀತೀಯ?"

"ವಯಸ್ಸಾಯ್ತಲ್ಲ."

"ನಲವತ್ತಕ್ಕೇ?"

ಅವಳಿಗೆ ಹೇಳಿದ್ದರೆ ಅವತ್ತೇ ಅವಳತ್ತೆ ಚಾಮುಂಡಮ್ಮನವರಿಗೆ ಸುದ್ದಿ ಹೋಗಿ, ಬಾಣಂತನಕ್ಕೆ ಅವರೇ ಕರೆದುಕೊಂಡು ಹೋಗುತ್ತಿದ್ದರು. ಅವರು ಕೆಟ್ಟವರಲ್ಲ. ಆದರೆ ಮನೆಗೆಲ್ಲ ಅವರೊಬ್ಬರೇ ಹೆಂಗಸು, ಎರಡು ಹಸು, ಹೊಲದ ಕೆಲಸ. ಆ ಮನೆಯಲ್ಲಿ ಬಾಣಂತಿ ಹದಿನೈದು ದಿನ ಮಲಗಿದರೆ ಹೆಚ್ಚು. ಹನ್ನೆರಡನೇ ದಿನಕ್ಕೆ ಎದ್ದವಳ ಗತಿ ಏನಾಗುತ್ತದೆಂದು ನನ್ನ ಮೈಗೆ ಗೊತ್ತಿತ್ತು.

ಲೀಲಾ ಹೆರಿಗೆ ಆಸ್ಪತ್ರೆಯಲ್ಲಿ ಹೆಣ್ಣು ಮಗುವನ್ನು ಹೆತ್ತಳು. ನನಗೆ ಆಪರೇಷನ್ ಆಗಿ ಏಳು ವಾರವಾಗಿತ್ತು. ಡಾಕ್ಟರ ಲೆಕ್ಕದಲ್ಲಿ ಗಾಯ ಮಾಯ್ದು ಒಂದು ವಾರವಾಗಬೇಕಿತ್ತು. ಮೂರನೆಯ ದಿನ ತಾಯಿ ಮಗು ಮನೆಗೆ ಬಂದರು, ನಾನು ಬಾಣಂತನಕ್ಕೆ ಸೊಂಟ ಕಟ್ಟಿದೆ.

ಒಂದೇ ಪಾತ್ರೆಯಲ್ಲಿ ಇಬ್ಬರಿಗೂ ಅನ್ನ, ಒಂದೇ ಪಾತ್ರೆಯಲ್ಲಿ ಸಾರು. ಲೀಲಾ ತಟ್ಟೆ ನೋಡಿ, ನನ್ನ ತಟ್ಟೆ ನೋಡಿ ನಕ್ಕಳು. "ಇಬ್ಬರಲ್ಲಿ ಬಾಣಂತಿ ಯಾರವ್ವ?"

"ಸುಮ್ನೆ ಉಣ್ಣು."

"ಒಂದು ಲೋಟ ನೀರು ಕೊಡು. ಗಂಟಲು ಒಣಗದೆ."

"ನೀರು ಕುಡಿದ್ರೆ ಹೊಟ್ಟೆ ಬಂದ್ಬುಡ್ತದೆ. ಸಂಜೆಗೆ ಕೊಡ್ತೀನಿ" ಎಂದೆ. ನನ್ನ ಗಂಟಲೂ ಒಣಗಿತ್ತು.

ದಿನವೂ ಬೆಳಿಗ್ಗೆ ಹಂಡೆ ತುಂಬ ನೀರು ಸೇದಿ ತುಂಬಿಸಬೇಕು. ಲೀಲಾಗೆ ಎಣ್ಣೆ ಹಚ್ಚಿ ಸೊಂಟಕ್ಕೆ ಬಿಸಿನೀರು ಹೊಯ್ಯಬೇಕು. ಆಮೇಲೆ ಮಗು. ಬಚ್ಚಲಲ್ಲಿ ಮಣೆ ಹಾಕಿ, ಎರಡೂ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯಬೇಕು. ಹಾಗೆ ಕೂತರೆ ಮೈಯ ಭಾರವೆಲ್ಲ ಬೀಳುವುದು ಗಾಯದ ಮೇಲೆಯೇ. ಮಗುವಿನ ಮೂಗಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿದು, ಹಲ್ಲು ಕಚ್ಚಿಕೊಂಡು ಮುಗಿಸುತ್ತಿದ್ದೆ. ಮಗು ಕಾಲ ಮೇಲೆಯೇ ನಿದ್ದೆ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಮಾತ್ರ ನೋವು ಸ್ವಲ್ಪ ಮರೆಯುತ್ತಿತ್ತು.

ಎಂಟು ದಿನ ಹೀಗೇ ನಡೆಯಿತು. ಒಂಬತ್ತನೆಯ ದಿನ ಇಬ್ಬರಿಗೂ ಎರೆದು, ಮಗುವನ್ನು ಸುತ್ತಿ ತೊಟ್ಟಿಲಿಗೆ ಹಾಕಿ, ಬಚ್ಚಲು ತೊಳೆಯಲು ಬಂದೆ. ಲೀಲಾ ಒದ್ದೆ ಕೂದಲಲ್ಲಿ ಬಾಗಿಲಿಗೆ ಒರಗಿ ನಿಂತು ತೂಬಿನ ಕಡೆ ನೋಡುತ್ತಿದ್ದಳು. ನೀರು ಕೆಂಪಗೆ ಹರಿಯುತ್ತಿತ್ತು.

"ಅವ್ವ, ನಂಗೆ ಜಾಸ್ತಿ ಹೋಗ್ತಾ ಅದೆ ಅನ್ಸುತ್ತೆ" ಎಂದಳು. ಅವಳ ಮುಖ ಬಿಳಿಚಿಕೊಂಡಿತ್ತು. "ಹೆತ್ತು ಇಷ್ಟು ದಿನ ಆದ್ಮೇಲೂ ಹಿಂಗೆ ಹೋದ್ರೆ ಉಳೀತಾರಾ?"

ಒಂದು ಗಳಿಗೆ ನಾನು ಸುಮ್ಮನಿದ್ದೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವಳು ಹಾಗೇ ತಿಳಿದುಕೊಂಡರೆ ನನ್ನದು ಮುಚ್ಚಿಹೋಗುತ್ತದೆ, ಇನ್ನೊಂದು ದಿನ ಸಿಗುತ್ತದೆ ಎಂದು ಯೋಚಿಸಿದೆ. ಅವಳು ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತಳು.

"ನಿಂದಲ್ಲ ಕಣವ್ವ" ಎಂದೆ. "ನಂದು."

ಅವಳು ಎದ್ದು ನನ್ನನ್ನು ತಿರುಗಿಸಿ ಸೀರೆಯ ಹಿಂದು ನೋಡಿದಳು. ಬಯ್ಯಲಿಲ್ಲ. ವಠಾರಕ್ಕೆಲ್ಲ ಕೇಳುವಂತೆ ಅಪ್ಪನನ್ನು ಕೂಗಿದಳು. ಆಮೇಲೆ ನನಗೆ ನೆನಪಿರುವುದು ಜಟಕಾದ ಹುಲ್ಲಿನ ವಾಸನೆ ಮಾತ್ರ.

ಆಸ್ಪತ್ರೆಯಲ್ಲಿ ನಾಗಮಣಿಯವರೇ ಇದ್ದರು. ಒಳಗೆ ಬಟ್ಟೆ ಒತ್ತಿ ಕಟ್ಟಿ, ರಕ್ತ ನಿಂತ ಮೇಲೆ ಮಂಚದ ಪಕ್ಕದಲ್ಲಿ ನಿಂತು ಕೇಳಿದರು. "ಏನು ಊಟ ಮಾಡ್ತಿದ್ರಿ?"

ಹೇಳಿದೆ.

"ನೀರು?"

"ಸಂಜೆಗೆ ಅರ್ಧ ಲೋಟ."

"ಮಂಗಳಮ್ಮ, ಹೆತ್ತೋರು ಯಾರು, ನೀವೋ ನಿಮ್ಮ ಮಗಳೋ?"

ಅವರೇ ಒಂದು ಲೋಟ ನೀರು ತಂದು ನನ್ನ ತಲೆದಿಂಬಿನ ಪಕ್ಕ ಇಟ್ಟರು.

"ನಿಮ್ಮ ಗಾಯ ಒಣಗೋಕೆ ಒಣ ಊಟ ಬೇಕಿರಲಿಲ್ಲ ಕಣ್ರೀ, ಹೊಟ್ಟೆ ಸಲೀಸಾಗಿ ಹೋಗಬೇಕಿತ್ತು, ಅಷ್ಟೇ. ಕಲ್ಲಿನಂಥದ್ದು ದಿನಾ ಆ ಗಾಯದ ಮೇಲೇ ಹೋದರೆ ಯಾವ ಡಾಕ್ಟರು ಏನು ಮಾಡ್ತಾರೆ? ಹೋಗಲಿ, ಮಗಳಿಗಾದರೂ ನೀರು ಕೊಡಿ ಅಂತ ಹೇಳಿ ಕಳಿಸಿ. ಹಾಲೂಡಿಸೋಳು."

ಡಾಕ್ಟರು ಬಂದು ನೋಡಿ, ಮತ್ತೆ ಹೊಲಿಗೆ ಹಾಕಬೇಕು, ಮೂರು ವಾರ ಇಲ್ಲೇ ಇರಬೇಕು ಎಂದರು. ಮನೆಗೆ ಹೋದ ಮೇಲೂ ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ, ನೆಲದ ಮೇಲೆ ಕೂರುವ ಹಾಗಿಲ್ಲ.

ಎರಡು ದಿನ ಕಳೆದು ಚಾಮುಂಡಮ್ಮ ಬಂದರು. ಜಟಕಾ ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿತ್ತು. ಹಸಿ ಬಾಣಂತಿ ವಾರ್ಡಿನೊಳಕ್ಕೆ ಬರಬಾರದು ಎಂದು ಲೀಲಾಳನ್ನೂ ಮಗುವನ್ನೂ ಅದರಲ್ಲೇ ಬಿಟ್ಟು ಒಬ್ಬರೇ ಒಳಗೆ ಬಂದರು.

"ಕರ್ಕೊಂಡು ಹೋಯ್ತಾ ಇವ್ನಿ ಬೀಗಿತ್ತಿ. ಒಂದು ಮಾತು ಮುಂಚೇನೇ ಹೇಳ್ಬಾರದಿತ್ತಾ? ನನ್ನ ತಂಗೀನಾದ್ರೂ ಕರೆಸ್ತಿದ್ದೆ. ಈಗ ರಾಗಿ ಕೆಲಸ, ಅವಳೂ ಬರಕ್ಕಿಲ್ಲ."

"ಅವಳ ಕೈ ನೀರಿಗೆ ಇಡಿಸಬೇಡಿ" ಎಂದೆ.

"ಎಷ್ಟು ದಿನ ಆಯ್ತದೋ ಅಷ್ಟು ದಿನ ನೋಡ್ಕೋತೀನಿ. ಸುಳ್ಳು ಯಾಕೆ ಹೇಳ್ಳಿ, ಹಸು ಕರೆಯೋಳೂ ನಾನೇ, ಹೊಲಕ್ಕೆ ಹೋಗೋಳೂ ನಾನೇ." ಹೊರಡುವಾಗ ಹಾಗೇ ನಿಂತರು. "ಅವ್ವಂಗೆ ನೀರು ಕುಡಿಯಕ್ಕೆ ಹೇಳಿ ಅಂದ್ಲು."

ಗೇಟು ಕಿಟಕಿಯಿಂದ ಕಾಣುತ್ತಿತ್ತಂತೆ. ನಾನು ಏಳುವ ಹಾಗಿರಲಿಲ್ಲ.

ಲೀಲಾಳ ಗಂಡ ಮರಿಸ್ವಾಮಿ ಮುಂದಿನ ವಾರ ನನ್ನನ್ನು ನೋಡಲು ಬಂದಿದ್ದ. ಮಗು ಚೆನ್ನಾಗಿದೆ ಎಂದ. ಲೀಲಾ ಹೆಂಗವ್ಳೆ ಎಂದೆ. "ಚೆನ್ನಾಗವ್ಳೆ ಅತ್ತೆ. ನಿನ್ನೆಯಿಂದ ಎದ್ದು ಓಡಾಡ್ತಾವ್ಳೆ, ಬಾವಿಯಿಂದ ನೀರೂ ತರ್ತಾವ್ಳೆ" ಎಂದ, ಒಳ್ಳೇ ಸುದ್ದಿ ಹೇಳುವವನ ಹಾಗೆ. ಅವತ್ತಿಗೆ ಹೆತ್ತು ಹತ್ತೊಂಬತ್ತು ದಿನ.

ಮೂರು ತಿಂಗಳು ನಾನೇ ಬಾಣಂತನ ಮಾಡುತ್ತೇನೆ ಎಂದಿದ್ದೆ. ಮಗು ಮನೆಗೆ ಬಂದ ಮೇಲೆ ಒಂಬತ್ತು ದಿನ ಮಾಡಿದೆ. ಕೊಟ್ಟ ಮಾತು ನಡೆಸಲಿಲ್ಲ.