ದನಿಯನ್ನಷ್ಟೇ ಇಟ್ಟುಕೊಂಡರು

ಆಸ್ಪತ್ರೆಯ ಫೋನು ಎತ್ತುತ್ತಿದ್ದ ಫೋನಕ್ಕನ ದನಿಯನ್ನು, ಅವಳನ್ನೊಂದು ಮಾತೂ ಕೇಳದೆ, ಯಂತ್ರಕ್ಕೆ ಕೊಟ್ಟರು. ಯಂತ್ರ ಅವಳಂತೆಯೇ ಮಾತಾಡುವುದನ್ನು ಕಲಿತ ಮೇಲೆ ಅವಳನ್ನು ಮನೆಗೆ ಕಳಿಸಿದರು. ಒಂದು ಸಂಜೆ ಆ ಯಂತ್ರ ಅವಳ ಎದುರುಮನೆಯ ಟೈಲರನ ಹೆಂಡತಿಗೆ, ಗಾಬರಿಯಾಗಬೇಡಿ ಅಕ್ಕಾ, ನಾನಿದೀನಿ ಎಂದಿತು. ಬೆಳಗಾಗುವಷ್ಟರಲ್ಲಿ ಟೈಲರ್ ಸತ್ತಿದ್ದ.

"ಕೂತ್ಕೋಮ್ಮ, ಕೂತ್ಕೋ" ಎಂದ ಮ್ಯಾನೇಜರ್. ಇಷ್ಟು ವರ್ಷ ಅವಳನ್ನು ನಿಲ್ಲಿಸಿಯೇ ಮಾತಾಡಿಸಿದವನು ಇವತ್ತು ತಾನೇ ಕುರ್ಚಿ ಎಳೆದುಕೊಟ್ಟ. ದನಿ ಹಿಡಿಯಲೆಂದು ಗೋಡೆಗೆಲ್ಲ ಬೂದು ಸ್ಪಂಜು ಅಂಟಿಸಿದ ಸಣ್ಣ ಕೋಣೆ. ಮೊದಲು ಇಲ್ಲಿ ಒಗೆದ ಬೆಡ್‌ಶೀಟು ಪೇರಿಸಿಡುತ್ತಿದ್ದರು. ಸ್ಪಂಜಿನ ಹಿಂದಿನಿಂದ ಇನ್ನೂ ಫಿನಾಯಿಲ್ ವಾಸನೆ ಬರುತ್ತಿತ್ತು. ಮೇಜಿನ ಮೇಲೊಂದು ಮೈಕು, ಪಕ್ಕದಲ್ಲಿ ಪರದೆ. ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿದ್ದರಿಂದ ಆಸ್ಪತ್ರೆಯ ವಕೀಲ ಕೋಟಿನೊಳಗೆ ಬೇಯುತ್ತಿದ್ದ.

"ಒಂದೇ ವಾಕ್ಯ ಮೇಡಂ" ಎಂದ ವಕೀಲ. "ನನ್ನ ದನಿ ಬಳಸಿಕೊಳ್ಳೋದಕ್ಕೆ ಮೊದಲಿಂದಲೂ ನನ್ನ ಒಪ್ಪಿಗೆ ಇತ್ತು, ಅಂತ. ಇಷ್ಟು ಹೇಳಿ, ಮನೆಗೆ ಹೋಗಿ."

"ಅದನ್ನ ಯಂತ್ರದ ಹತ್ರಾನೇ ಹೇಳಿಸ್ಕೊಳ್ಳಿ. ನನಗಿಂತ ಚೆನ್ನಾಗಿ ಹೇಳುತ್ತೆ."

ಮ್ಯಾನೇಜರ್ ನಕ್ಕ. ವಕೀಲ ನಗಲಿಲ್ಲ.

"ಹೇಳಿಸಿ ನೋಡಿದ್ವಿ. ಚೆನ್ನಾಗೇ ಹೇಳ್ತು. ಯಂತ್ರದ ಮಾತು ಕೋರ್ಟಲ್ಲಿ ನಿಲ್ಲಲ್ಲ, ನಿಮ್ಮ ಬಾಯಿಂದಲೇ ಬರ್ಬೇಕು."

ಕೆಲಸ ಹೋದದ್ದನ್ನು ಫೋನಕ್ಕ ಬೀದಿಯಲ್ಲಿ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಮರ್ಯಾದೆಯ ಪ್ರಶ್ನೆ. ಎಂದಿನಂತೆ ಬ್ಯಾಗು ಹೆಗಲಿಗೇರಿಸಿ ಹೊರಡುವುದು, ಅಂಗಡಿ ಅಂಗಡಿ ಹತ್ತಿಳಿದು ಕೆಲಸ ಕೇಳುವುದು, ಹಿತ್ತಿಲ ಬಾಗಿಲಿಂದ ಮನೆ ಸೇರುವುದು. ಆ ಸಂಜೆ ಟೈಲರಕ್ಕ, ಎದೆನೋವೆಂದು ನರಳುತ್ತಿದ್ದ ಗಂಡನ ಬೆನ್ನು ನೀವುತ್ತ ಆಸ್ಪತ್ರೆಗೆ ಫೋನು ಮಾಡಿ, ಗುರುತಿನ ದನಿ ಸಿಕ್ಕಿತೆಂದು ಉಸಿರುಬಿಟ್ಟು, ಅದು ಹೇಳಿದಂತೆ ಅವನಿಗೆ ಬಿಸಿನೀರು ಕುಡಿಸಿ ಮಲಗಿಸುತ್ತಿದ್ದಾಗ, ಆ ದನಿಯ ಒಡತಿ ಬೀದಿಯ ಈಚೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಟೈಲರಕ್ಕ ಕಿಟಕಿಯಿಂದ ಒಮ್ಮೆ ಕೂಗಿದ್ದರೆ ಇವಳಿಗೆ ಕೇಳಿಸುತ್ತಿತ್ತು.

ಹೆಣ ಎತ್ತಿದ ಮೇಲೆ ಟೈಲರಕ್ಕ ನೇರ ಇವಳ ಬಾಗಿಲಿಗೆ ಬಂದಳು.

"ನಿನ್ನ ನಂಬಿ ಕೂತೆ ಕಣೇ. ನಾನಿದೀನಿ ಅಂದ್ಯಲ್ಲ, ಎಲ್ಲಿದ್ದೆ?"

"ಅದು ನಾನಲ್ಲ ಅಕ್ಕಾ."

"ನೀನು ಬೀದಿಯಾಚೆ ಕೆಮ್ಮಿದ್ರೂ ನನಗೆ ಗೊತ್ತಾಗುತ್ತೆ. ನಿನ್ನ ದನಿ ಗೊತ್ತಿಲ್ವಾ ನನಗೆ?"

ಕಿವಿ ನಂಬಿದ್ದನ್ನು ಯಾವ ಬಾಯಿಂದ ಸುಳ್ಳೆನ್ನುವುದು? ಯಂತ್ರ ಹೇಳಿದ ಮಾತಾದರೂ ಫೋನಕ್ಕನದ್ದೇ ಆಗಿತ್ತು. ಎದೆನೋವು ಅಂತ ಯಾರೇ ಫೋನು ಮಾಡಲಿ, ಗಾಬರಿಯಾಗಬೇಡಿ, ನಾನಿದೀನಿ ಎನ್ನುತ್ತಿದ್ದಳು. ಬಾಯಿ ಹಾಗೆನ್ನುವಾಗ ಬಲಗೈ ಮೇಜಿನಡಿಯ ಗುಂಡಿ ಒತ್ತುತ್ತಿತ್ತು. ಡಾಕ್ಟರ ಕೋಣೆಯಲ್ಲಿ ಗಂಟೆ ಬಡಿಯುತ್ತಿತ್ತು. ಫೋನಿಟ್ಟು ಕಂಗಾಲಾಗಿ ಓಡದಿರಲಿ, ವಿಳಾಸ ಹೇಳಲಿ, ಅಷ್ಟರಲ್ಲಿ ಆಂಬುಲೆನ್ಸ್ ಗೇಟು ದಾಟಲಿ ಎಂದು ಆ ಸಮಾಧಾನ. ಯಂತ್ರಕ್ಕೆ ಕೇಳಿಸಿದ ಅವಳ ಹಳೆಯ ಫೋನುಮಾತಿನ ಟೇಪುಗಳಲ್ಲಿ ದನಿ ಇತ್ತು, ಕೈ ಇರಲಿಲ್ಲ. ಅವಳು ಸಮಾಧಾನ ಹೇಳಿದವರು ಮತ್ತೆ ಫೋನು ಮಾಡುತ್ತಿರಲಿಲ್ಲವಾದ್ದರಿಂದ ಮಾತಿನಿಂದಲೇ ಎದೆನೋವು ವಾಸಿಯಾಯಿತೆಂದು ಯಂತ್ರ ಲೆಕ್ಕ ಹಾಕಿತು. ಟೈಲರನ ಮನೆಯಿಂದಲೂ ಮತ್ತೆ ಫೋನು ಬರಲಿಲ್ಲ. ಅದೂ ಅದೇ ಲೆಕ್ಕಕ್ಕೆ ಸೇರಿರಬೇಕು.

"ಯೋಚನೆ ಏನಮ್ಮ?" ಎಂದ ಮ್ಯಾನೇಜರ್. "ಕೆಲಸ ವಾಪಸ್ ಕೊಡ್ತೀವಿ. ಸೂಪರ್‌ವೈಸರ್ ಈ ಸಲ. ಯಂತ್ರ ಮಾತಾಡೋದನ್ನ ಕೂತು ಕೇಳಿದ್ರಾಯ್ತು."

"ನನ್ನ ಮಾತು ನಾನೇ ಕೇಳೋಕೆ ಸಂಬಳ."

"ಸುಖ ಅಲ್ವಾ?"

"ಟೈಲರಕ್ಕನಿಗೆ ಏನು ಸಿಗುತ್ತೆ?"

ವಕೀಲ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. "ನೀವು ಒಪ್ಪಿದ್ರಿ ಅಂತಾದ್ರೆ ಯಂತ್ರ ಹೇಳಿದ್ದು ನಿಮ್ಮ ಮಾತೇ ಆಗುತ್ತೆ. ಆಸ್ಪತ್ರೆ ತಪ್ಪು ಇರಲ್ಲ, ಆಕೆ ನಮ್ಮ ಮೇಲೆ ಹಾಕಿರೋ ಕೇಸೂ ಇರಲ್ಲ. ನಿಮ್ಮ ಮೇಲೆ ಏನೂ ಬರದ ಹಾಗೆ ನಾವು ನೋಡ್ಕೋತೀವಿ."

"ಒಪ್ಪಿಲ್ಲ ಅಂದ್ರೆ?"

"ಕದ್ದ ದನಿ ಅಂತಾಗುತ್ತೆ. ಯಂತ್ರ ನಿಲ್ಲಿಸ್ಬೇಕಾಗುತ್ತೆ."

"ಇಷ್ಟು ಜನರ ಫೋನು ಆಮೇಲೆ ಯಾರಮ್ಮ ಎತ್ತಬೇಕು?" ಎಂದು ಮ್ಯಾನೇಜರ್ ಬಾಯಿ ಹಾಕಿದ.

"ಎತ್ತೋರನ್ನ ಮನೆಗೆ ಕಳಿಸಿದ್ದು ಯಾರು ಸಾರ್?"

ಮ್ಯಾನೇಜರನ ಮುಖದಿಂದ ನಗು ಇಳಿಯಿತು. ದನಿ ಮಾತ್ರ ಮೆತ್ತಗೇ ಇತ್ತು. "ನೋಡು, ಅವತ್ತು ಮಾತಾಡಿದ್ದು ನೀನೇ ಅಂತ ಆ ಹೆಂಗಸು ದೂರಲ್ಲಿ ಬರೆಸಿದಾಳೆ. ಅದು ನೀನಲ್ಲ, ಯಂತ್ರ ಅಂತ ನಾವು ಹೇಳದೇ ಸುಮ್ನಿದ್ರೆ ನಿನ್ನ ಗತಿ ಏನು? ನಿನ್ನ ಬೀದೀಲಿ ನಿನ್ನನ್ನ ನಂಬೋರು ಯಾರಿದಾರೆ?"

ಯಾರೂ ಇರಲಿಲ್ಲ. ಬೆಳಿಗ್ಗೆ ನೀರು ಹಿಡಿಯುವಾಗ ಟೈಲರಕ್ಕ ಇವಳ ಕೊಡವನ್ನು ಕಾಲಿಂದ ಪಕ್ಕಕ್ಕೆ ಸರಿಸಿದ್ದಳು. ನೋಡುತ್ತಿದ್ದವರು ನೋಡುತ್ತಲೇ ಇದ್ದರು.

ವಕೀಲ ಮೈಕನ್ನು ಅವಳ ಮುಖದ ಹತ್ತಿರಕ್ಕೆ ತಿರುಗಿಸಿದ. ಮ್ಯಾನೇಜರ್ ಏನೋ ಒತ್ತಿದ. ಪರದೆಯ ಮೇಲೆ ಹಸಿರು ಗೆರೆಯೊಂದು ಮೂಡಿ, ಸದ್ದಿಗಾಗಿ ಕಾಯುತ್ತ ಎಡದಿಂದ ಬಲಕ್ಕೆ ಹರಿಯತೊಡಗಿತು.

"ಹೇಳಿ ಮೇಡಂ."

ಫೋನಕ್ಕ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟಳು. ತುಟಿ ಬಿಗಿದಳು.

"ನಾನು ಹೇಳ್ಕೊಡ್ತೀನಿ, ನನ್ನ ಹಿಂದೇನೇ ಹೇಳಿ. ನನ್ನ ದನಿ ಬಳಸಿಕೊಳ್ಳೋದಕ್ಕೆ..."

ಗೆರೆ ವಕೀಲನ ಮಾತಿಗೆ ಎದ್ದು ಕುಣಿಯಿತು, ಮತ್ತೆ ಮಲಗಿತು.

"ಆಗಲ್ಲ ಅಂತಾನಾದ್ರೂ ಬಾಯಿಬಿಟ್ಟು ಹೇಳಮ್ಮ" ಎಂದ ಮ್ಯಾನೇಜರ್.

ಅಷ್ಟು ದನಿಯನ್ನೂ ಯಂತ್ರಕ್ಕೆ ಕೊಡದೆ ಅವಳು ಅವನನ್ನೇ ನೋಡುತ್ತ ಕೂತಳು. ಹೊರಗೆ ಎಲ್ಲೋ ಫೋನು ಬಡಿದುಕೊಂಡು ನಿಂತಿತು. ವಕೀಲನ ಕುರ್ಚಿ ಕಿರುಗುಟ್ಟಿದಾಗ ಗೆರೆ ಒಂದಿಷ್ಟು ಎದ್ದಿತು. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡಾಗ ಇನ್ನೊಂದಿಷ್ಟು. ಆಮೇಲೆ ಉದ್ದಕ್ಕೂ ಏನೂ ಇಲ್ಲದೆ ಹರಿಯುತ್ತ ಹೋಯಿತು.